ಹದಿನೈದು ಕಾಲು ಎಂದರೆ ಎಷ್ಟು?



ನಿಮ್ಮ ಮುಂದೆ ಏಳು ಜೋಳದ ರೊಟ್ಟಿಗಳಿವೆ. ಉಣ್ಣಲು ಕುಳಿತವರು ನಾಲ್ಕು ಮಂದಿ. ಎಲ್ಲರಿಗೂ ಸಮನಾಗಿ ಬರಬೇಕು. ಹೇಗೆ ಹಂಚುತ್ತೀರಿ?

ಮೊದಲು ಒಬ್ಬೊಬ್ಬರಿಗೆ ಒಂದೊಂದು ಇಡೀ ರೊಟ್ಟಿ ಕೊಡುತ್ತೀರಿ. ಮೂರು ಉಳಿಯುತ್ತವೆ. ಅವುಗಳಲ್ಲಿ ಎರಡನ್ನು ಅರ್ಧ ಅರ್ಧ ಮುರಿದರೆ ನಾಲ್ಕು ಅರ್ಧಗಳಾಗುತ್ತವೆ. ಒಬ್ಬೊಬ್ಬರಿಗೆ ಒಂದು ಅರ್ಧ. ಕೊನೆಯ ರೊಟ್ಟಿಯನ್ನು ನಾಲ್ಕು ಸಮ ತುಂಡು ಮಾಡಿದರೆ ಒಬ್ಬೊಬ್ಬರಿಗೆ ಒಂದು ಕಾಲು. ಈಗ ಪ್ರತಿಯೊಬ್ಬರ ತಾಟಿನಲ್ಲಿ ಒಂದು, ಅದರ ಮೇಲೆ ಅರ್ಧ, ಅದರ ಮೇಲೆ ಕಾಲು ಇದೆ. ಅಂದರೆ ಒಂದೂಮುಕ್ಕಾಲು ರೊಟ್ಟಿ.

ಇನ್ನೊಂದು ದಾರಿಯೂ ಇದೆ. ಏಳೂ ರೊಟ್ಟಿಗಳನ್ನು ಮೊದಲೇ ನಾಲ್ಕು ನಾಲ್ಕು ತುಂಡು ಮಾಡಿಬಿಡಿ. 28 ಕಾಲುಗಳು ಸಿಗುತ್ತವೆ. ನಾಲ್ಕು ಮಂದಿಗೆ ಹಂಚಿದರೆ ಒಬ್ಬೊಬ್ಬರಿಗೆ ಏಳು ಕಾಲು. ಮೊದಲನೆಯ ತಾಟಿನಲ್ಲಿ ಇದ್ದಷ್ಟೇ ರೊಟ್ಟಿ ಎರಡನೆಯ ತಾಟಿನಲ್ಲೂ ಇದೆ. ತುಂಡು ಮಾಡಿದ ರೀತಿ ಮಾತ್ರ ಬೇರೆ. ಹೊಟ್ಟೆ ತುಂಬುವುದು ಒಂದೇ ಸಮ!

ನಿಮ್ಮ ಗಣಿತ ಪುಸ್ತಕದಲ್ಲಿ ಮೊದಲನೆಯದನ್ನು 1¾ ಎಂದು ಬರೆದು ಮಿಶ್ರ ಭಿನ್ನರಾಶಿ ಎನ್ನುತ್ತಾರೆ. ಇಡಿಯೂ ಬಿಡಿಯೂ ಬೆರೆತಿರುವುದರಿಂದ ಅದು ಮಿಶ್ರ. ಎರಡನೆಯದನ್ನು 7/4 ಎಂದು ಬರೆದು ವಿಷಮ ಭಿನ್ನರಾಶಿ ಎನ್ನುತ್ತಾರೆ. ಅದರಲ್ಲಿ ಮೇಲಿನ ಅಂಶ ಕೆಳಗಿನ ಛೇದಕ್ಕಿಂತ ದೊಡ್ಡದು. ಎರಡೂ ಒಂದೇ ಪ್ರಮಾಣದ ಎರಡು ಹೆಸರುಗಳು. ಮನೆಯಲ್ಲಿ ನಿಮ್ಮನ್ನು ಒಂದು ಹೆಸರಿನಿಂದ ಕರೆಯುತ್ತಾರೆ, ಹಾಜರಿ ಪುಸ್ತಕದಲ್ಲಿ ಇನ್ನೊಂದು ಹೆಸರು ಇರುತ್ತದೆ. ಆದರೂ ನೀವು ಒಬ್ಬರೇ ಅಲ್ಲವೇ? ಹಾಗೆ.

ವಿಷಮ ಎಂಬ ಮಾತು ಕೇಳಿ ಕೆಲವರು ಹೆದರುತ್ತಾರೆ. ‘ಪರಿಸ್ಥಿತಿ ವಿಷಮಿಸಿತು’ ಎಂದು ಪತ್ರಿಕೆಯಲ್ಲಿ ಓದಿರುತ್ತೇವಲ್ಲ! ಇಂಗ್ಲಿಷಿನಲ್ಲೂ ಇದನ್ನು ‘ಇಂಪ್ರಾಪರ್’, ಅಂದರೆ ಸರಿಯಲ್ಲದ್ದು ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಆದರೆ 7/4ರಲ್ಲಿ ಯಾವ ದೋಷವೂ ಇಲ್ಲ. ಲೆಕ್ಕ ಮಾಡುವಾಗ ನಮಗೆ ಹೆಚ್ಚು ನೆರವಾಗುವುದು ಅದೇ. ಹೇಗೆ ಎಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ನಮ್ಮ ಮಾತಿನಲ್ಲೇ ಇದೆ ಗಣಿತ

‘ಕಾಲು’ ಎಂಬ ಪದವನ್ನೇ ನೋಡಿ. ನಡೆಯುವ ಕಾಲೂ ಅದೇ, ನಾಲ್ಕರಲ್ಲಿ ಒಂದು ಭಾಗವೂ ಅದೇ. ಹಸುವಿಗೆ, ಎಮ್ಮೆಗೆ, ಮಂಚಕ್ಕೆ ನಾಲ್ಕು ಕಾಲು. ಸಂಸ್ಕೃತದ ‘ಪಾದ’ ಎಂಬ ಪದಕ್ಕೂ ಇವೇ ಎರಡು ಅರ್ಥಗಳಿವೆ. ಅಂಗಡಿಯಲ್ಲಿ ನಾವು ಕೇಳುವ ‘ಪಾವ್ ಕಿಲೋ’ದ ಪಾವ್ ಹುಟ್ಟಿದ್ದು ಆ ಪಾದದಿಂದಲೇ. ಮೂರು ಕಾಲು ಸೇರಿದರೆ ಮುಕ್ಕಾಲು. ಕಾಲಿನಲ್ಲಿ ಅರ್ಧ ಅರೆಕಾಲು, ಅಂದರೆ 1/8.

ಒಂದೂಕಾಲು, ಎರಡೂವರೆ, ಮೂರೂಮುಕ್ಕಾಲು ಎಂದು ನಾವು ದಿನವೂ ಹೇಳುತ್ತೇವೆ. ಇವೆಲ್ಲ ಮಿಶ್ರ ಭಿನ್ನರಾಶಿಗಳು. ‘ಎರಡೂವರೆ’ ಪದದ ನಡುವೆ ಇರುವ ಆ ದೀರ್ಘ ‘ಊ’ ಏನು ಹೇಳುತ್ತದೆ? ಎರಡೂ, ಅರೆಯೂ. ಎರಡರ ಜೊತೆಗೆ ಅರೆ. ಅಂದರೆ ಅಲ್ಲಿ ಕೂಡಿಸುವ ಚಿಹ್ನೆ ಅಡಗಿದೆ. ಪುಸ್ತಕದಲ್ಲಿ 2½ ಎಂದು ಬರೆದಾಗ ನಡುವೆ ಯಾವ ಚಿಹ್ನೆಯೂ ಕಾಣುವುದಿಲ್ಲ. ಮುಂದಿನ ತರಗತಿಗಳಲ್ಲಿ ಬೀಜಗಣಿತ ಕಲಿಯುವಾಗ ಅಕ್ಷರ ಮತ್ತು ಸಂಖ್ಯೆಯನ್ನು ಪಕ್ಕಪಕ್ಕ ಬರೆದರೆ ಗುಣಿಸಬೇಕು. ಮಿಶ್ರ ಭಿನ್ನರಾಶಿಯಲ್ಲಿ ಹಾಗಲ್ಲ, ಇಲ್ಲಿ ಕೂಡಿಸಬೇಕು. ಸಂದೇಹ ಬಂದಾಗ ಬಾಯಿಬಿಟ್ಟು ಓದಿ. ಕನ್ನಡವೇ ನಿಮಗೆ ದಾರಿ ತೋರಿಸುತ್ತದೆ.

ನಮ್ಮ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಇನ್ನೊಂದು ಸಿರಿ ಇದೆ. ನಿಜಾಮರ ಆಡಳಿತದಲ್ಲಿ ಇಲ್ಲಿ ಕಚೇರಿಯ ಭಾಷೆ ಉರ್ದುವಾಗಿತ್ತು. 1956ರ ನವೆಂಬರ್ 1ರಂದು ಈ ಭಾಗ ಕನ್ನಡ ನಾಡಿನ ಉಳಿದ ಭಾಗಗಳ ಜೊತೆ ಒಂದಾಯಿತು. ಆದರೂ ಹಳೆಯ ಲೆಕ್ಕದ ಮಾತುಗಳು ಸಂತೆಯಲ್ಲಿ ಉಳಿದಿವೆ. ಒಂದೂಕಾಲಿಗೆ ಸವಾ, ಒಂದೂವರೆಗೆ ದೀಡ, ಎರಡೂವರೆಗೆ ಅಡೀಚ ಎಂದು ಹಿರಿಯರು ಹೇಳುವುದನ್ನು ಕೇಳಿರಬಹುದು. ಉರ್ದು ಮಾತಾಡುವ ಗೆಳೆಯರನ್ನು ಕೇಳಿದರೆ 1¾ಕ್ಕೆ ‘ಪೌನೆ ದೋ’ ಎನ್ನುತ್ತಾರೆ. ಅದರ ಅರ್ಥ ಎರಡಕ್ಕೆ ಕಾಲು ಕಡಿಮೆ. ನಾವು ಕೆಳಗಿನಿಂದ ಮೇಲಕ್ಕೆ ಎಣಿಸಿ ‘ಒಂದರ ಮೇಲೆ ಮುಕ್ಕಾಲು’ ಎಂದೆವು. ಅವರು ಮೇಲಿನಿಂದ ಕೆಳಕ್ಕೆ ಇಳಿದು ‘ಎರಡಕ್ಕೆ ಕಾಲು ಕಮ್ಮಿ’ ಎಂದರು. ಇಬ್ಬರೂ ತಲುಪಿದ್ದು ಒಂದೇ ಜಾಗಕ್ಕೆ. ಈ ಎರಡನೆಯ ರೀತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯಾದಗಿರಿಯ ತೊಗರಿ ಚೀಲ

ತೊಗರಿ ಸುಗ್ಗಿ ಮುಗಿದ ಮೇಲೆ ಯಾದಗಿರಿಯ ಮಾರುಕಟ್ಟೆಗೆ ಹೋಗಿ ನೋಡಿ. ಧಾರಣೆ ಹೇಳುವುದು ಕ್ವಿಂಟಲ್ ಲೆಕ್ಕದಲ್ಲಿ. ಒಂದು ಕ್ವಿಂಟಲ್ ಎಂದರೆ 100 ಕಿಲೋ. 50 ಕಿಲೋ ಹಿಡಿಯುವ ಚೀಲದಲ್ಲಿ ತೊಗರಿ ತುಂಬಿದ್ದರೆ ಒಂದೊಂದು ಚೀಲವೂ ಅರ್ಧ ಕ್ವಿಂಟಲ್.

ಒಬ್ಬ ರೈತರು 13 ಚೀಲ ತಂದಿದ್ದಾರೆ ಎನ್ನೋಣ. ಅದು 13 ಅರ್ಧಗಳು, ಅಂದರೆ 13/2 ಕ್ವಿಂಟಲ್. ಎರಡೆರಡು ಚೀಲ ಜೋಡಿಸುತ್ತಾ ಹೋಗಿ. ಆರು ಜೋಡಿಗಳಾಗುತ್ತವೆ, ಒಂದು ಚೀಲ ಒಂಟಿಯಾಗಿ ಉಳಿಯುತ್ತದೆ. ಆರು ಕ್ವಿಂಟಲ್, ಮೇಲೆ ಅರ್ಧ. ಉತ್ತರ 6½.

ವಿಷಮ ಭಿನ್ನರಾಶಿಯನ್ನು ಮಿಶ್ರ ಭಿನ್ನರಾಶಿ ಮಾಡುವುದೆಂದರೆ ಇಷ್ಟೇ. ಅಂಶವನ್ನು ಛೇದದಿಂದ ಭಾಗಿಸಿ. ಬಂದ ಭಾಗಲಬ್ಧ ಇಡಿ ಸಂಖ್ಯೆ. ಉಳಿದ ಶೇಷ ಹೊಸ ಅಂಶ. ಛೇದ ಹಾಗೆಯೇ ಇರುತ್ತದೆ. ಏಕೆ ಹಾಗೆಯೇ ಇರುತ್ತದೆ? ಚೀಲದ ಗಾತ್ರ ಬದಲಾಗಿಲ್ಲ, ಜೋಡಿಸಿ ಇಟ್ಟಿದ್ದೇವೆ, ಅಷ್ಟೆ. ಛೇದ ಹೇಳುವುದು ತುಂಡಿನ ಗಾತ್ರವನ್ನು. ಅಂಶ ಹೇಳುವುದು ಅಂಥ ತುಂಡುಗಳು ಎಷ್ಟು ಎಂಬುದನ್ನು.

ಸುರಪುರದ ಟೇಲರ್ ಅಂಗಡಿ

ಕೆಲವು ಕೆಲಸಗಳಿಗೆ ಇದೇ ದಾರಿಯಲ್ಲಿ ಹಿಂದಕ್ಕೆ ಬರಬೇಕಾಗುತ್ತದೆ. ಸುರಪುರದ ಒಂದು ಟೇಲರ್ ಅಂಗಡಿಯನ್ನು ಕಲ್ಪಿಸಿಕೊಳ್ಳಿ. ಅಲ್ಲಿ ಏಳೂವರೆ ಮೀಟರ್ ಬಟ್ಟೆ ಇದೆ. ಒಂದು ಮಗುವಿನ ಅಂಗಿಗೆ ಒಂದೂಕಾಲು ಮೀಟರ್ ಬೇಕು. ಎಷ್ಟು ಅಂಗಿಗಳಾಗುತ್ತವೆ?

7½ನ್ನು 1¼ರಿಂದ ಹಾಗೆಯೇ ಭಾಗಿಸಲು ಹೊರಟರೆ ಕೈ ತಡೆಯುತ್ತದೆ. ಒಂದರಲ್ಲಿ ಇಡಿಯೂ ಇದೆ ಅರ್ಧವೂ ಇದೆ, ಇನ್ನೊಂದರಲ್ಲಿ ಇಡಿಯೂ ಇದೆ ಕಾಲೂ ಇದೆ. ಎಲ್ಲವನ್ನೂ ಕಾಲು ಮೀಟರಿಗೆ ತಂದುಬಿಡಿ. ಏಳು ಮೀಟರಿನಲ್ಲಿ 28 ಕಾಲು, ಅರ್ಧ ಮೀಟರಿನಲ್ಲಿ 2 ಕಾಲು, ಒಟ್ಟು 30 ಕಾಲು. ಅಂಗಿಗೆ ಬೇಕಾದದ್ದು 5 ಕಾಲು. 30ರಲ್ಲಿ 5 ಎಷ್ಟು ಸಲ? ಆರು ಸಲ. ಆರು ಅಂಗಿ, ಒಂದು ಚೂರೂ ಮಿಗುವುದಿಲ್ಲ.

ಇಲ್ಲಿ ನಾವು ಮಾಡಿದ್ದೇನು? 7½ನ್ನು 30/4 ಮಾಡಿದೆವು, 1¼ನ್ನು 5/4 ಮಾಡಿದೆವು. ಇಡಿ ಸಂಖ್ಯೆಯನ್ನು ಛೇದದಿಂದ ಗುಣಿಸಿ ಅಂಶವನ್ನು ಕೂಡಿಸುವುದು ಎಂದು ಪುಸ್ತಕದ ಸೂತ್ರ ಹೇಳುತ್ತದಲ್ಲ, ಅದು ಇದೇ. ಗುಣಿಸುವುದೆಂದರೆ ಇಡಿಗಳನ್ನು ಬಿಡಿ ಮಾಡುವುದು. ಕೂಡಿಸುವುದೆಂದರೆ ಮೊದಲೇ ಇದ್ದ ಬಿಡಿಗಳನ್ನು ಅವುಗಳ ಜೊತೆ ಸೇರಿಸುವುದು.

ಗುಣಾಕಾರದಲ್ಲಂತೂ ಈ ಬದಲಾವಣೆ ಬಹಳ ಮುಖ್ಯ. ಎರಡೂವರೆ ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಅಂಗಳ ಸಾರಿಸಬೇಕು. ವಿಸ್ತೀರ್ಣ ಎಷ್ಟು? ಇಡಿಗೆ ಇಡಿ ಗುಣಿಸಿ 2, ಅರ್ಧಕ್ಕೆ ಅರ್ಧ ಗುಣಿಸಿ ¼, ಒಟ್ಟು 2¼ ಎಂದು ಅನೇಕರು ಬರೆಯುತ್ತಾರೆ. ಒಂದು ಹಾಳೆಯ ಮೇಲೆ ಚಿತ್ರ ಬರೆದು ನೋಡಿ. ಉದ್ದದಲ್ಲಿ ಎರಡು ಮತ್ತು ಅರ್ಧಕ್ಕೆ, ಅಗಲದಲ್ಲಿ ಒಂದು ಮತ್ತು ಅರ್ಧಕ್ಕೆ ಗೆರೆ ಎಳೆಯಿರಿ. ಅಂಗಳ ನಾಲ್ಕು ತುಂಡಾಗುತ್ತದೆ. ಅವುಗಳ ವಿಸ್ತೀರ್ಣ 2, 1, ½, ¼. ಒಟ್ಟು 3¾ ಚದರ ಮೀಟರ್. 2¼ ಎಂದವರು 1 ಮತ್ತು ½ರ ಎರಡು ತುಂಡುಗಳನ್ನು ಸಾರಿಸದೆ ಬಿಟ್ಟಂತಾಯಿತು! ವಿಷಮ ಭಿನ್ನರಾಶಿಯಲ್ಲಿ ಹೀಗೆ ತುಂಡುಗಳು ಕಳೆದುಹೋಗುವುದಿಲ್ಲ. 5/2 × 3/2 = 15/4. ಅದನ್ನು ಮಿಶ್ರ ಮಾಡಿದರೆ 3¾. ಒಂದೇ ಹೆಜ್ಜೆ.

ಶಹಾಪುರ ತಾಲ್ಲೂಕಿನ ಒಂದು ಹೊಲ

ಅಂಗಳದ ತುಂಡು ಬಿಟ್ಟುಹೋದರೆ ಮರುದಿನ ಸಾರಿಸಬಹುದು. ಹೊಲದ ತುಂಡು ಬಿಟ್ಟುಹೋದರೆ?

ನಾನು ಬೆಳೆದದ್ದು ಶಹಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನಮ್ಮ ಅಜ್ಜನಿಗೆ ಐದು ಮಕ್ಕಳು. ಮೂವರು ಗಂಡು, ಇಬ್ಬರು ಹೆಣ್ಣು. ಅಜ್ಜ ತೀರಿಕೊಂಡ ಮೇಲೆ ಹೊಲ ಹಂಚಿಕೊಳ್ಳಲು ಎಲ್ಲರೂ ಕಟ್ಟೆಯ ಮೇಲೆ ಕುಳಿತರು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಆದ್ದರಿಂದ ಐದು ಸಮಪಾಲು ಎಂದು ತೀರ್ಮಾನವಾಗಿತ್ತು.

ಪಹಣಿಯಲ್ಲಿ ಹೊಲದ ವಿಸ್ತೀರ್ಣ 3-30 ಎಂದಿತ್ತು. ಲೆಕ್ಕ ಮಾಡಲು ಕರೆಸಿದ್ದ ಒಬ್ಬರು ಕ್ಯಾಲ್ಕುಲೇಟರಿನಲ್ಲಿ 3.30 ಒತ್ತಿ ಐದರಿಂದ ಭಾಗಿಸಿದರು. 0.66 ಬಂತು. “ತಲೆಗೆ ಅರವತ್ತಾರು ಪಾಯಿಂಟು. ಅಂದ್ರ ಇಪ್ಪತ್ತಾರು ಗುಂಟೆ, ಮ್ಯಾಲೆ ಚೂರು” ಎಂದರು. ಎಲ್ಲರೂ ತಲೆಯಾಡಿಸಿದರು. ಯಂತ್ರ ಹೇಳಿದ ಮೇಲೆ ಮಾತೇನು?

ನಮ್ಮ ದೊಡ್ಡ ಸೋದರತ್ತೆ ಮಾತ್ರ ತಲೆಯಾಡಿಸಲಿಲ್ಲ. ಅವರಿಗೆ ಓದು ಬರಹ ಬಾರದು. ಆದರೆ ಆ ಹೊಲದಲ್ಲಿ ಚಿಕ್ಕಂದಿನಿಂದ ಕಳೆ ಕಿತ್ತವರು, ತೊಗರಿ ಕೊಯ್ದವರು.

“ತಮ್ಮಾ, ಮೂವತ್ತು ಗುಂಟಿ ಅಂದ್ರ ಮುಕ್ಕಾಲು ಎಕರೆ” ಎಂದರು. “ಹೊಲ ನಾಲ್ಕು ಎಕರೆಗಿ ಕಾಲು ಕಮ್ಮಿ ಅದ. ನಾಲ್ಕು ಎಕರೆಗಿ ಹದಿನಾರು ಕಾಲು. ಒಂದು ಕಾಲು ತೆಗದ್ರ ಹದಿನೈದು ಕಾಲು. ಐದು ಮಂದಿಗಿ ಮೂರ್ಮೂರು ಕಾಲು. ತಲೆಗಿ ಮೂವತ್ತು ಗುಂಟಿ ಬರಬೇಕು. ಇಪ್ಪತ್ತಾರು ಹ್ಯಾಂಗ ಬಂತು?”

ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕ್ಯಾಲ್ಕುಲೇಟರ್ ಜೇಬಿಗೆ ಹೋಯಿತು.

ತಪ್ಪು ಎಲ್ಲಿತ್ತು ಎಂದು ನೀವು ಕಂಡುಹಿಡಿದಿರಾ? ಒಂದು ಎಕರೆಗೆ 40 ಗುಂಟೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಜಾಗ, ಅಂದರೆ 1,089 ಚದರ ಅಡಿ. ಪಹಣಿಯ 3-30ರಲ್ಲಿ ನಡುವೆ ಇರುವುದು ಅಡ್ಡಗೆರೆ, ದಶಮಾಂಶ ಬಿಂದು ಅಲ್ಲ. ಗೆರೆಯ ಎಡಕ್ಕೆ ಎಕರೆ, ಬಲಕ್ಕೆ ಗುಂಟೆ. ಆದ್ದರಿಂದ 3-30 ಎಂದರೆ 3 ಮತ್ತು 30/40 ಎಕರೆ. 30/40ನ್ನು ಸಂಕ್ಷೇಪಿಸಿದರೆ ¾. ಹಾಗಾಗಿ ಹೊಲ 3¾ ಎಕರೆ, ಅಂದರೆ 15/4 ಎಕರೆ. ಐದರಿಂದ ಭಾಗಿಸಿದರೆ 3/4 ಎಕರೆ, 30 ಗುಂಟೆ.

ತಪ್ಪು ಲೆಕ್ಕದಲ್ಲಿ ತಲೆಗೆ 26.4 ಗುಂಟೆ ಬಂದಿತ್ತು. ಐದು ಪಾಲು ಸೇರಿಸಿದರೆ 132 ಗುಂಟೆ. ಹೊಲ ಇರುವುದು 150 ಗುಂಟೆ. 18 ಗುಂಟೆ ಭೂಮಿ ಕಾಗದದ ಮೇಲೆ ಮಾಯವಾಗಿತ್ತು! ಅದು ಸುಮಾರು ಅರ್ಧ ಎಕರೆ. ಯಾರ ಪಾಲಿಗೂ ಬರದ ಆ ತುಂಡಿಗಾಗಿ ಮುಂದೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಷ್ಟು ವರ್ಷ ಜಗಳವಾಡುತ್ತಿದ್ದರೋ!

ಕ್ಯಾಲ್ಕುಲೇಟರ್ ಸುಳ್ಳು ಹೇಳಲಿಲ್ಲ. 3.30ನ್ನು ಐದರಿಂದ ಭಾಗಿಸಿದರೆ 0.66 ಬರುವುದು ನಿಜವೇ. ಆದರೆ 3-30 ಎಂದರೆ ಏನು ಎಂದು ಅದಕ್ಕೆ ಗೊತ್ತಿಲ್ಲ. ಅದನ್ನು ತಿಳಿಯಬೇಕಾದವರು ನಾವು.

ನಮ್ಮ ಅತ್ತೆ ಮಾಡಿದ್ದನ್ನು ಇನ್ನೊಮ್ಮೆ ಗಮನಿಸಿ. ಮೊದಲು ‘ನಾಲ್ಕಕ್ಕೆ ಕಾಲು ಕಮ್ಮಿ’ ಎಂದು ಮೇಲಿನಿಂದ ಇಳಿದರು. ಹಿಂದೆ ಹೇಳಿದ ‘ಪೌನೆ’ಯ ರೀತಿ ಅದು. ಆಮೇಲೆ ಎಲ್ಲವನ್ನೂ ಕಾಲು ಮಾಡಿದರು. ‘ಹದಿನೈದು ಕಾಲು’ ಎಂದರೆ 15/4, ಶುದ್ಧ ವಿಷಮ ಭಿನ್ನರಾಶಿ. ಭಾಗ ಮಾಡಿ ಮುಗಿದ ಮೇಲೆ ಮತ್ತೆ ಎಲ್ಲರಿಗೂ ತಿಳಿಯುವಂತೆ ಗುಂಟೆಯಲ್ಲಿ ಹೇಳಿದರು. ಹೇಳುವಾಗ ಮಿಶ್ರ, ಮಾಡುವಾಗ ವಿಷಮ, ಮುಗಿದ ಮೇಲೆ ಮತ್ತೆ ಜನರಿಗೆ ತಿಳಿಯುವ ಮಾತು. ಈ ಒಂದು ನಿಯಮ ನಿಮ್ಮ ಜೊತೆಗಿದ್ದರೆ ಸಾಕು.

ಕಾಗಿಣಾ ದಡದಿಂದ ಬಂದ ಗಣಿತ

ಇದೆಲ್ಲ ಇಂದಿನ ಮಾತಲ್ಲ. ಯಾದಗಿರಿಯ ಪಕ್ಕದಲ್ಲಿ ಹರಿಯುವ ಭೀಮಾ ನದಿಯನ್ನು ನೋಡಿದ್ದೀರಲ್ಲ? ಅದಕ್ಕೆ ಮೇಲಿನಿಂದ ಕಾಗಿಣಾ ಎಂಬ ನದಿ ಬಂದು ಸೇರುತ್ತದೆ. ಆ ಕಾಗಿಣಾ ದಡದಲ್ಲಿ, ಈಗಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಮಳಖೇಡ ಇದೆ. ಹಿಂದೆ ಅದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. 9ನೇ ಶತಮಾನದಲ್ಲಿ ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಎಂಬ ಜೈನ ಗಣಿತಜ್ಞರಿದ್ದರು. ಸುಮಾರು ಕ್ರಿ.ಶ. 850ರಲ್ಲಿ ಅವರು ‘ಗಣಿತಸಾರಸಂಗ್ರಹ’ ಎಂಬ ಗ್ರಂಥವನ್ನು ಸಂಸ್ಕೃತದಲ್ಲಿ ಬರೆದರು. ಅಡುಗೆ, ವೈದ್ಯ, ಸಂಗೀತ, ನಾಟಕ, ಮನೆ ಕಟ್ಟುವ ವಿದ್ಯೆ, ಎಲ್ಲಕ್ಕೂ ಗಣಿತ ಬೇಕು ಎಂದು ಗ್ರಂಥದ ಆರಂಭದಲ್ಲೇ ಹೇಳಿದ್ದಾರೆ.

ಅದರಲ್ಲಿ ಭಿನ್ನರಾಶಿಗಳಿಗೇ ಒಂದು ಪೂರ್ತಿ ಅಧ್ಯಾಯವಿದೆ. ಅದರ ಹೆಸರು ಕಲಾಸವರ್ಣ. ‘ಕಲಾ’ ಎಂದರೆ ಭಾಗ. ‘ಸವರ್ಣ’ ಎಂದರೆ ಒಂದೇ ಬಣ್ಣದ್ದು, ಒಂದೇ ಬಗೆಯದು. ಬೇರೆ ಬೇರೆ ಗಾತ್ರದ ತುಂಡುಗಳನ್ನು ಒಂದೇ ಗಾತ್ರಕ್ಕೆ ತರುವುದೇ ಭಿನ್ನರಾಶಿ ಲೆಕ್ಕದ ಜೀವಾಳ ಎಂಬುದು ಆ ಹೆಸರಿನಲ್ಲೇ ಇದೆ. ಟೇಲರ್ ಅಂಗಡಿಯಲ್ಲಿ ನಾವು ಎಲ್ಲವನ್ನೂ ಕಾಲು ಮಾಡಿದ್ದು ಇದನ್ನೇ ಅಲ್ಲವೇ?

ಆ ಅಧ್ಯಾಯದಲ್ಲಿ ಎರಡು ಹೆಸರುಗಳು ನಮಗೆ ಬೇಕಾದವು. ಇಡಿ ಸಂಖ್ಯೆಗೆ ಭಾಗ ಸೇರಿಕೊಂಡಿದ್ದರೆ ‘ಭಾಗಾನುಬಂಧ’. ಒಂದೂಮುಕ್ಕಾಲು ಇದಕ್ಕೆ ಉದಾಹರಣೆ. ಇಡಿ ಸಂಖ್ಯೆಯಿಂದ ಭಾಗ ಕಳೆದಿದ್ದರೆ ‘ಭಾಗಾಪವಾಹ’. ‘ಎರಡಕ್ಕೆ ಕಾಲು ಕಮ್ಮಿ’ ಇದಕ್ಕೆ ಉದಾಹರಣೆ. ಎರಡಕ್ಕೂ ಇಡಿ ಸಂಖ್ಯೆಯನ್ನು ಛೇದದಿಂದ ಗುಣಿಸಬೇಕು. ಮೊದಲನೆಯದರಲ್ಲಿ ಅಂಶವನ್ನು ಕೂಡಿಸಬೇಕು, ಎರಡನೆಯದರಲ್ಲಿ ಕಳೆಯಬೇಕು. 1¾ಕ್ಕೆ 1 × 4 + 3 = 7. ಎರಡಕ್ಕೆ ಕಾಲು ಕಮ್ಮಿಗೆ 2 × 4 − 1 = 7. ಎರಡು ದಾರಿಯಲ್ಲೂ ಏಳು ಕಾಲು!

ಆ ಕಾಲದಲ್ಲಿ ಭಾರತದ ಗಣಿತಜ್ಞರು ಅಂಶದ ಕೆಳಗೆ ಛೇದವನ್ನು ಬರೆಯುತ್ತಿದ್ದರು, ನಡುವೆ ಗೆರೆ ಎಳೆಯುತ್ತಿರಲಿಲ್ಲ. ಮಿಶ್ರ ಭಿನ್ನರಾಶಿಯಾದರೆ ಇಡಿ ಸಂಖ್ಯೆಯನ್ನು ಎಲ್ಲಕ್ಕಿಂತ ಮೇಲೆ ಇಡುತ್ತಿದ್ದರು. ನಡುವಿನ ಗೆರೆ 12ನೇ ಶತಮಾನದ ಹೊತ್ತಿಗೆ ಅರಬ್ಬೀ ಗಣಿತ ಗ್ರಂಥಗಳಲ್ಲಿ ಕಾಣುತ್ತದೆ. 1912ರಲ್ಲಿ ಎಂ. ರಂಗಾಚಾರ್ಯರು ಗಣಿತಸಾರಸಂಗ್ರಹವನ್ನು ಇಂಗ್ಲಿಷಿಗೆ ಅನುವಾದಿಸಿ ಮದ್ರಾಸಿನಲ್ಲಿ ಪ್ರಕಟಿಸಿದಾಗ ಹೊರದೇಶದ ವಿದ್ವಾಂಸರೂ ಅದನ್ನು ಓದಿದರು.

ನಾನು ಮಳಖೇಡದ ಕೋಟೆಯನ್ನು ನೋಡಿ ಬಂದಿದ್ದೇನೆ. ಅಲ್ಲಿ ಭಾಗಾಪವಾಹದ ಹೆಸರು ಯಾವ ಕಲ್ಲಿನ ಮೇಲೂ ನನಗೆ ಕಾಣಲಿಲ್ಲ. ಆದರೆ ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಪಂಡಿತರು ಸೂತ್ರ ಮಾಡಿ ಇಟ್ಟ ಲೆಕ್ಕವನ್ನು ನಮ್ಮ ಹಳ್ಳಿಯ ಅಕ್ಷರ ಬಾರದ ಹೆಣ್ಣುಮಗಳೊಬ್ಬರು ಬೆರಳು ಮಡಚಿ ಮಾಡುತ್ತಾರೆ. ನಿಮಗೆ ಅಕ್ಷರವೂ ಇದೆ, ಸೂತ್ರವೂ ಇದೆ. ಅವರ ಹಾಗೆ ಅರ್ಥ ತಿಳಿದು ಎಣಿಸುವುದನ್ನು ಜೊತೆಗೆ ಸೇರಿಸಿಕೊಳ್ಳಿ.

ನೀವೇ ಮಾಡಿ ನೋಡಿ

1. ಒಂದು ಹೊಲ 2-10, ಪಕ್ಕದ ಹೊಲ 1-30. ಎರಡೂ ಸೇರಿ ಎಷ್ಟು ಎಕರೆ? ಮೊದಲು ವಿಷಮ ಭಿನ್ನರಾಶಿಗೆ ತನ್ನಿ, ಆಮೇಲೆ ಕೂಡಿಸಿ.

2. ಐದು ಲೀಟರ್ ಶೇಂಗಾ ಎಣ್ಣೆಯಲ್ಲಿ ಒಂದೂಮುಕ್ಕಾಲು ಲೀಟರ್ ಖರ್ಚಾಯಿತು. ಉಳಿದದ್ದೆಷ್ಟು?

3. ಮೂರೂಮುಕ್ಕಾಲು ಲೀಟರ್ ಹಾಲನ್ನು ಕಾಲು ಲೀಟರಿನ ಲೋಟಗಳಲ್ಲಿ ತುಂಬಿದರೆ ಎಷ್ಟು ಲೋಟ?

4. ನಿಮ್ಮ ಮನೆಯ ಅಥವಾ ನೆರೆಮನೆಯ ಹಿರಿಯರನ್ನು ಕೇಳಿ ಕಾಲು, ಅರ್ಧ, ಮುಕ್ಕಾಲು, ಒಂದೂಕಾಲು, ಒಂದೂವರೆ, ಎರಡೂವರೆಗಳಿಗೆ ಅವರು ಬಳಸುವ ಪದಗಳನ್ನು ಬರೆದುಕೊಳ್ಳಿ. ಕನ್ನಡ, ಉರ್ದು, ತೆಲುಗು, ಲಂಬಾಣಿ, ಯಾವ ಭಾಷೆಯಾದರೂ ಸರಿ. ಪ್ರತಿ ಪದದ ಮುಂದೆ ಅದರ ಮಿಶ್ರ ರೂಪ, ವಿಷಮ ರೂಪ ಬರೆದು ತರಗತಿಯ ಗೋಡೆಗೆ ಅಂಟಿಸಿ. ಒಂದಕ್ಕಿಂತ ಕಡಿಮೆ ಇರುವವುಗಳಿಗೆ ಆ ಎರಡು ರೂಪಗಳು ಏಕೆ ಸಿಗುವುದಿಲ್ಲ ಎಂದು ಗೆಳೆಯರ ಜೊತೆ ಚರ್ಚಿಸಿ.

ಉತ್ತರಗಳು: (1) 9/4 + 7/4 = 16/4, ಸರಿಯಾಗಿ 4 ಎಕರೆ. (2) 20/4 − 7/4 = 13/4, ಅಂದರೆ ಮೂರೂಕಾಲು ಲೀಟರ್. (3) 15 ಲೋಟ. (4) ಇದರ ಉತ್ತರ ನಿಮ್ಮ ಊರಿನಲ್ಲೇ ಇದೆ, ಹುಡುಕಿ!